ಆಟದ ಗಂಟೆ ಯಾರದು?

ಮಿಶನ್ ಶಾಲೆಗಳು ನಮ್ಮ ದೇಶಕ್ಕೆ ಮಾಡಿದ ಉಪಕಾರವೆಷ್ಟು, ಅಪಕಾರವೆಷ್ಟು ಎಂಬ ವಾದವು ಎದ್ದಾಗಲೆಲ್ಲ ಅಕ್ಷರ, ಅಚ್ಚುಕೂಟ, ಆಸ್ಪತ್ರೆ, ಮತಾಂತರ ಎಂಬ ನಾಲ್ಕು ಮಾತುಗಳ ಸುತ್ತಲೇ ಪಕ್ಷ ಪ್ರತಿಪಕ್ಷಗಳು ತಿರುಗುತ್ತವೆ. ಐದನೆಯದಾದ ಒಂದು ವಿಷಯವನ್ನು ಯಾರೂ ಎತ್ತುವುದಿಲ್ಲ. ಅದು ಆಟ. ಪಾಠದ ಗಂಟೆಯಲ್ಲಿ ಪಾದ್ರಿಗಳು ಏನನ್ನು ಕಲಿಸಿದರೆಂಬುದಕ್ಕೆ ಪುಸ್ತಕಗಳ ಸಾಕ್ಷಿಯುಂಟು. ಪಾಠವು ಮುಗಿದ ಮೇಲೆ ಹುಡುಗರ ಕೈಕಾಲುಗಳಿಗೆ ಯಾವ ಕಟ್ಟಳೆಯನ್ನು ವಿಧಿಸಿದರೆಂಬುದನ್ನು ವಿಚಾರಿಸುವವರು ಕಡಿಮೆ. ಒಂದು ಜನಾಂಗವು ಇನ್ನೊಂದನ್ನು ತಿದ್ದಹೊರಟಾಗ ಅದರ ಕೈ ಎಷ್ಟು ಒಳಕ್ಕೆ ಹೋಗಿದೆಯೆಂಬುದನ್ನು ಅಳೆಯಬೇಕಾದರೆ ಮಕ್ಕಳ ಬಿಡುವಿನ ಹೊತ್ತಿಗಿಂತ ಒಳ್ಳೆಯ ಅಳತೆಗೋಲು ನಮಗೆ ತೋರುವುದಿಲ್ಲ. ಆದಕಾರಣ ಈ ಹೊತ್ತು ಅದನ್ನೇ ವಾಚಕರ ಮುಂದಿಡುತ್ತೇವೆ.

ಮಿಶನ್ ಶಾಲೆಯೆಂದೊಡನೆ ವಿಶಾಲವಾದ ಬಯಲು, ಎರಡು ಗೋಲುಕಂಬ, ಸೀಟಿ ಊದುವ ಪಾದ್ರಿ ಎಂಬ ಚಿತ್ರವು ನಮ್ಮ ಕಣ್ಣಿಗೆ ಕಟ್ಟುತ್ತದೆ. ಆದರೆ ಆ ಪರಂಪರೆಯ ಬುಡದಲ್ಲಿದ್ದುದು ಆಟದ ಭಯ. ಜರ್ಮನಿಯ ಹಾಲೆ ಪಟ್ಟಣದಲ್ಲಿ 1695ರಲ್ಲಿ ಬಡಮಕ್ಕಳ ಶಾಲೆಯನ್ನು ತೆರೆದು, ಮುಂದೆ ಅದರ ಬಳಿಯಲ್ಲಿಯೇ ದೊಡ್ಡ ಅನಾಥಾಲಯವನ್ನು ಕಟ್ಟಿಸಿದ ಔಗುಸ್ಟ್ ಹೆರ್ಮಾನ್ ಫ್ರಾಂಕೆ ಎಂಬ ಧರ್ಮೋಪದೇಶಕನು ತನ್ನ ಸಂಸ್ಥೆಗಳಲ್ಲಿ ಮಕ್ಕಳ ಆಟವನ್ನು ನಿಷೇಧಿಸಿದನು. ಬಿಡುವಿನ ಹೊತ್ತಿಗೆಂದು ಆತನು ಗೊತ್ತುಮಾಡಿದ್ದು ಮಾಸ್ತರರ ಕಣ್ಣಳವಿನಲ್ಲಿ ತಿರುಗಾಟ, ಕಟ್ಟಿಗೆಯನ್ನು ಕಡೆಯುವ ಕೆಲಸ, ಕುಶಲಕರ್ಮಿಗಳ ಅಂಗಡಿಗಳ ದರ್ಶನ ಮುಂತಾದುವು. ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿಯು 1748ರಲ್ಲಿ ಕಿಂಗ್ಸ್‌ವುಡ್ ಎಂಬಲ್ಲಿ ತೆರೆದ ಶಾಲೆಯ ಕಟ್ಟಳೆಯು ಇನ್ನೂ ಕಠಿಣವಾದುದು. ಬೆಳಗಿನ ನಾಲ್ಕು ಗಂಟೆಗೆ ಏಳತಕ್ಕದ್ದು. ವರ್ಷದ ಯಾವ ದಿನವೂ ರಜೆಯಿಲ್ಲ, ಯಾವ ದಿನವೂ ಆಟವಿಲ್ಲ. ಎಳೆತನದಲ್ಲಿ ಆಟದ ರುಚಿ ಕಂಡವನು ದೊಡ್ಡವನಾದರೂ ಅದನ್ನು ಬಿಡಲಾರನೆಂಬುದು ಅವರ ಹೆದರಿಕೆ.

ಈ ಹಾಲೆಯ ಗರಡಿಯಲ್ಲಿ ಪಳಗಿ ಬಂದವನೇ 1706ರಲ್ಲಿ ತರಂಗಂಬಾಡಿಯಲ್ಲಿ ಇಳಿದ ಸೀಗೆನ್‌ಬಾಲ್ಗ್. ದಕ್ಷಿಣ ಹಿಂದುಸ್ಥಾನದ ಪ್ರಾಟೆಸ್ಟಂಟ್ ಶಾಲೆಗಳ ಮೊದಲನೆಯ ಮೆಟ್ಟಿಲು ಅಲ್ಲಿಯೇ ಇದೆ. ನಮ್ಮ ಕನ್ನಡನಾಡಿಗೆ 1834ರ ಅಕ್ಟೋಬರ್ 30ರಂದು ಮಂಗಳೂರಿನಲ್ಲಿ ಇಳಿದ ಬಾಸೆಲ್ ಮಿಶನ್ನಿನವರೂ ಇದೇ ಭಕ್ತಿಪಂಥದ ನೆರಳಿನವರು. ಬಹುಮಟ್ಟಿಗೆ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಒಕ್ಕಲು ಕುಟುಂಬಗಳಿಂದಲೂ ಕಸಬಿನ ಕುಟುಂಬಗಳಿಂದಲೂ ಬಂದವರು. ಅವರು ನೇಯ್ಗೆಯ ಮಗ್ಗಗಳನ್ನು ಹೂಡಿದರು, 1841ರಲ್ಲಿ ಅಚ್ಚುಕೂಟವನ್ನು ತೆರೆದರು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಖಾಲಿ ಕೈಯನ್ನು ಕಂಡರೆ ಕೆಲಸವನ್ನು ಕೊಡುವುದು ಅವರ ಸ್ವಭಾವ. ಅವರ ವಸತಿಶಾಲೆಗಳಲ್ಲಿಯೂ ಕೈಕೆಲಸಕ್ಕೆ ದೊಡ್ಡ ಸ್ಥಾನವಿದ್ದಿತು. ಆದರೂ ಅದೇ ಮಿಶನ್ನಿನ ಕಿಟ್ಟಲ್ ಪಂಡಿತರು 1894ರಲ್ಲಿ ಹೊರತಂದ ನಿಘಂಟಿನಲ್ಲಿ ವೇದಾಂತದ ಪಾರಿಭಾಷಿಕ ಶಬ್ದಗಳ ನೆರೆಯಲ್ಲಿಯೇ ನಮ್ಮ ಹುಡುಗರ ಬುಗುರಿಗೂ ಜಾಗವು ದೊರೆಯಿತು. ಪಂಥದ ಕಟ್ಟು ಏನೇ ಇರಲಿ, ಕಿವಿಗೊಟ್ಟು ಕೇಳುವ ಮನುಷ್ಯನು ಬೇರೆಯೇ ಎಂಬುದಕ್ಕೆ ಇದೊಂದು ನಿದರ್ಶನ. ಇರಲಿ.

ಆಟವನ್ನು ಪಾಪವೆಂದವರ ಮೊಮ್ಮಕ್ಕಳು ಆಟವನ್ನೇ ಪುಣ್ಯವೆಂದು ಸಾರತೊಡಗಿದ್ದು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ. ಇಂಗ್ಲೆಂಡಿನ ಶ್ರೀಮಂತ ವಸತಿಶಾಲೆಗಳಲ್ಲಿ ಹುಡುಗರು ತಮ್ಮಷ್ಟಕ್ಕೆ ಆಡುತ್ತಿದ್ದ ಒರಟು ಚೆಂಡಾಟಗಳನ್ನು ಹೆಡ್ಮಾಸ್ತರರು ಕೈಗೆತ್ತಿಕೊಂಡು ನಿಯಮಗಳಿಂದ ಬಿಗಿದರು. 1857ರಲ್ಲಿ, ಎಂದರೆ ನಮ್ಮಲ್ಲಿ ಬಂಡಾಯದ ಬೆಂಕಿ ಹೊತ್ತಿದ ವರ್ಷದಲ್ಲಿಯೇ, ಥಾಮಸ್ ಹ್ಯೂಸ್ ಎಂಬವನು ರಗ್ಬಿ ಶಾಲೆಯ ಜೀವನವನ್ನು ಕುರಿತು ಬರೆದ ಟಾಮ್ ಬ್ರೌನನ ಕಥೆಯು ಪ್ರಕಟವಾಯಿತು. ಆಟದ ಬಯಲಿನಲ್ಲಿ ಪೆಟ್ಟು ತಿಂದು ಅಳದೆ ನಿಲ್ಲುವವನೇ ಒಳ್ಳೆಯ ಕ್ರೈಸ್ತನು, ಅವನೇ ಒಳ್ಳೆಯ ಆಳುವವನು ಎಂಬ ಹೊಸ ಮತವು ಆ ಪೀಳಿಗೆಯ ತಲೆಗೆ ಏರಿತು. ಅದನ್ನು ಅವರು ಕಟ್ಟುಮಸ್ತಾದ ಕ್ರೈಸ್ತಧರ್ಮವೆಂದು ಕರೆದರು. ಅಮೆರಿಕಾದಲ್ಲಿಯೂ ಅದೇ ಗಾಳಿ. ಸ್ಪ್ರಿಂಗ್‌ಫೀಲ್ಡ್ ಊರಿನ ಕ್ರೈಸ್ತ ತರುಣ ಸಂಘದ ತರಬೇತಿ ಶಾಲೆಯಲ್ಲಿ 1891ರ ಡಿಸೆಂಬರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕನು ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡುವುದಕ್ಕೆಂದು ಎರಡು ಹಣ್ಣಿನ ಬುಟ್ಟಿಗಳನ್ನು ಮೇಲೆ ಹೊಡೆಸಿ, 13 ನಿಯಮಗಳನ್ನು ಬರೆದು, ಬುಟ್ಟಿಚೆಂಡಿನ ಆಟವನ್ನೇ ಹೊಸದಾಗಿ ಸೃಷ್ಟಿಸಿದನು. ಈಗ ಜಗತ್ತೇ ಆಡುವ ಆ ಆಟವು ಹುಟ್ಟಿದ್ದು ಮಕ್ಕಳ ಬೀದಿಯಲ್ಲಲ್ಲ, ಒಬ್ಬ ಮಾಸ್ತರನ ಮೇಜಿನ ಮೇಲೆ ಎಂಬುದನ್ನು ವಾಚಕರು ಗಮನದಲ್ಲಿಡಬೇಕು.

ಈ ಹೊಸ ಮತವು ನಮ್ಮ ದೇಶದಲ್ಲಿ ಕಾಲಿಟ್ಟ ಬಗೆಯನ್ನು ತಿಳಿಯಬೇಕಾದರೆ ಕಾಶ್ಮೀರದ ಶ್ರೀನಗರಕ್ಕೆ ಹೋಗಬೇಕು. ಅಲ್ಲಿ 1880ರಿಂದ ಚರ್ಚ್ ಮಿಶನರಿ ಸೊಸೈಟಿಯ ಒಂದು ಶಾಲೆಯಿದ್ದಿತು. 1890ರಲ್ಲಿ ಅಲ್ಲಿಗೆ ಸೆಸಿಲ್ ಟಿಂಡೇಲ್ ಬಿಸ್ಕೋ ಎಂಬ 27 ವರ್ಷದ ಪಾದ್ರಿಯು ಬಂದನು. ಮೈಕಟ್ಟಿನಲ್ಲಿ ಚಿಕ್ಕವನು, ಆದರೆ 1884ರಲ್ಲಿ ಆಕ್ಸ್‌ಫರ್ಡನ್ನು ಸೋಲಿಸಿದ ಕೇಂಬ್ರಿಜ್ ದೋಣಿಯ ಚುಕ್ಕಾಣಿಯನ್ನು ಹಿಡಿದಿದ್ದವನು. ಆತನು ಕಂಡ ವಿದ್ಯಾರ್ಥಿಗಳು ಬಹುತೇಕ ಪಂಡಿತರ, ಎಂದರೆ ಕಾಶ್ಮೀರಿ ಬ್ರಾಹ್ಮಣರ ಮಕ್ಕಳು. ಮೊಣಕಾಲಿನ ಕೆಳಗೆ ಇಳಿಬಿಟ್ಟ ಫೆರನ್ ಎಂಬ ನಿಲುವಂಗಿ, ಅದರೊಳಗೆ ಹೊಟ್ಟೆಗೆ ಅವುಚಿಕೊಂಡ ಕಾಂಗಡಿಯೆಂಬ ಕೆಂಡದ ಬುಟ್ಟಿ, ಕಾಲಿಗೆ ಮರದ ಹಾವಿಗೆ. ಅನೇಕರಿಗೆ ಮದುವೆಯೂ ಆಗಿದ್ದಿತು. ಓಡುವುದು, ಏರುವುದು, ಭಾರವನ್ನು ಎತ್ತುವುದು, ಇವೆಲ್ಲ ಕೀಳುಜಾತಿಯವರ ಲಕ್ಷಣ. ಕುಲೀನನಾದವನು ಮೆಲ್ಲನೆ ನಡೆಯಬೇಕು, ಕುಳಿತು ಓದಬೇಕು, ಸರಕಾರಿ ಕಚೇರಿಯಲ್ಲಿ ಕಾರಕೂನನಾಗಬೇಕು ಎಂಬುದು ಅವರ ಮನೆಯ ಪಾಠ. ಇದನ್ನು ಓದಿ ನಗುವ ಮೊದಲು ನಮ್ಮ ಊರಿನ ಅಗ್ರಹಾರಗಳನ್ನೂ ಒಮ್ಮೆ ನೆನೆಯುವುದು ಒಳ್ಳೆಯದು.

1891ರಲ್ಲಿ ಬಿಸ್ಕೋ ಶಾಲೆಗೆ ಒಂದು ತೊಗಲಿನ ಚೆಂಡನ್ನು ತಂದನು. ಇದೇನೆಂದು ಹುಡುಗರು ಕೇಳಿದರು. ಕಾಲಿನಿಂದ ಒದೆಯುವ ಚೆಂಡೆಂದು ಹೇಳಿದನು. ಯಾತರಿಂದ ಮಾಡಿದ್ದೆಂದು ಕೇಳಿದರು. ತೊಗಲೆಂದನು. ತೊಗಲು ಮೈಲಿಗೆ, ಮುಟ್ಟುವುದಿಲ್ಲ, ಒದೆಯುವುದೂ ಇಲ್ಲ, ಇದನ್ನು ಕೊಂಡುಹೋಗಿರಿ ಎಂದು ತರಗತಿಯೆಲ್ಲ ಹಟಹಿಡಿಯಿತು. ಆ ದಿನ ಸಾಯಂಕಾಲ ಹುಡುಗರನ್ನು ಊರಿನ ಬೀದಿಗಳಲ್ಲಿ ಸಾಲಾಗಿ ಬಯಲಿಗೆ ನಡೆಯಿಸಿಕೊಂಡು ಹೋದರು. ತಪ್ಪಿಸಿಕೊಳ್ಳುವವರನ್ನು ತಡೆಯಲು ಮಾಸ್ತರರ ಕೈಯಲ್ಲಿ ಕೋಲುಗಳಿದ್ದುವು. ನೋಡಲು ಪಟ್ಟಣವೇ ನೆರೆಯಿತು. ಎರಡು ಪಕ್ಷವಾಗಿ ನಿಲ್ಲಿಸಿ ಚೆಂಡನ್ನು ನಡುವೆ ಇಟ್ಟರು. ಒಬ್ಬನೂ ಕಾಲೆತ್ತಲಿಲ್ಲ. ಬಿಸ್ಕೋ ಗಡಿಯಾರವನ್ನು ನೋಡಿ ಐದು ನಿಮಿಷದ ಗಡುವನ್ನು ಕೊಟ್ಟನು. ಗಡುವು ತೀರಿತು. ಮಾಸ್ತರರು ಕೋಲುಗಳೊಡನೆ ಮುಂದರಿದರು. ಆಗ ಆಟವು ಮೊದಲಾಯಿತು! ಫೆರನ್ನುಗಳು ಹಾರಾಡಿದುವು, ಹಾವಿಗೆಗಳು ಗಾಳಿಗೆ ಎದ್ದುವು, ಪಗಡಿಗಳು ಉರುಳಿದುವು. ನಡುವೆ ಚೆಂಡು ಒಬ್ಬ ಹುಡುಗನ ಮುಖಕ್ಕೆ ಬಡಿಯಿತು. ನೋವಿಗಿಂತ ಹೆಚ್ಚಾಗಿ ಮೈಲಿಗೆಯ ಭಯದಿಂದ ಅವನು ಗೋಳಿಟ್ಟನು. ಆಟವು ನಿಂತಿತು. ಅವನನ್ನು ಹತ್ತಿರದ ಕಾಲುವೆಗೆ ಕರೆದೊಯ್ದು ಮುಖ ತೊಳೆಯಿಸಿ ತಂದರು. ಆಟವು ಮತ್ತೆ ನಡೆಯಿತು.

ದೋಣಿಯ ವಿಷಯದಲ್ಲಿಯೂ ಇದೇ ಕಥೆ. ಹುಟ್ಟು ಹಾಕುವುದು ಹಾಂಜಿಗಳೆಂಬ ದೋಣಿಗಾರರ ಕಸಬು. ಪಂಡಿತನು ಅದನ್ನು ಮುಟ್ಟಿದರೆ ಕುಲವೇ ಹೋಯಿತು. ಬಿಸ್ಕೋ ಅದನ್ನೂ ಮಾಡಿಸಿದನು. ಈಜು ಕಲಿಯದ ಹುಡುಗರ ಶುಲ್ಕವನ್ನು ಏರಿಸುವ ಉಪಾಯವನ್ನು ಹೂಡಿದನು. ಸುತ್ತಲೂ ನೀರಿರುವ ಊರಿನಲ್ಲಿ ಮಕ್ಕಳು ಮುಳುಗಿ ಸಾಯುವುದು ಸಾಮಾನ್ಯವಾಗಿದ್ದುದರಿಂದ ಈ ದಂಡವನ್ನು ನಾವು ತಪ್ಪೆನ್ನಲಾರೆವು. ಕೆಲವು ವರ್ಷಗಳಲ್ಲಿ ಅದೇ ಪಂಡಿತರ ಮಕ್ಕಳು ದಾಲ್ ಸರೋವರವನ್ನು ಅಡ್ಡಲಾಗಿ ಈಜಿದರು, ಬೆಟ್ಟಗಳನ್ನು ಹತ್ತಿದರು. ಶಾಲೆಯ ಲಾಂಛನವೆಂದರೆ ಒಂದರ ಮೇಲೊಂದು ಅಡ್ಡಲಾಗಿಟ್ಟ ಎರಡು ಹುಟ್ಟುಗಳು. ಹುಟ್ಟು ಬಲದ ಗುರುತು. ಅದರ ಅಲಗು ಹೃದಯದ ಆಕಾರದಲ್ಲಿರುವುದು ಕನಿಕರದ ಗುರುತು. ಪರೀಕ್ಷೆಯ ಅಂಕಗಳನ್ನು ಬುದ್ಧಿಗೆ ಮಾತ್ರವೇ ಕೊಡದೆ ಶರೀರಕ್ಕೂ ನಡತೆಗೂ ಹಂಚುವ ಪದ್ಧತಿಯನ್ನು ಆತನು ನಡೆಸಿದನು.

ಬಲವನ್ನು ಕೊಟ್ಟ ಮೇಲೆ ಅದನ್ನು ಎಲ್ಲಿ ಉಪಯೋಗಿಸಬೇಕೆಂಬುದನ್ನೂ ತೋರಿಸಿದನು. 1893 ಮತ್ತು 1903ರ ನೆರೆಗಳು, ಮತ್ತೆ ಮತ್ತೆ ಬರುತ್ತಿದ್ದ ಕಾಲರಾ ಬೇನೆ, ಮರದ ಮನೆಗಳ ಊರಿನಲ್ಲಿ ಏಳುತ್ತಿದ್ದ ಬೆಂಕಿ: ಇಂಥ ಆಪತ್ತುಗಳಿಗೆ ಪಕ್ಕಾದ ಪಟ್ಟಣದಲ್ಲಿ ಶಾಲೆಯ ಹುಡುಗರು ಬೆಂಕಿ ಆರಿಸಲು ಓಡಿದರು, ನೀರಿಗೆ ಬಿದ್ದವರನ್ನು ಎತ್ತಿದರು, ಗಲೀಜು ಓಣಿಗಳನ್ನು ಬಳಿದರು. ಆಸ್ಪತ್ರೆಯ ರೋಗಿಗಳನ್ನು ದೋಣಿಯಲ್ಲಿ ಕುಳ್ಳಿರಿಸಿ ಸರೋವರದ ಗಾಳಿ ಸೇವನೆಗೆ ಕೊಂಡೊಯ್ಯುವುದು ಅವರ ಬಿಡುವಿನ ಕಾರ್ಯಕ್ರಮಗಳಲ್ಲಿ ಒಂದಾಗಿದ್ದಿತು. ತೊಗಲು ಮೈಲಿಗೆಯೆಂದು ಅತ್ತವರ ತಮ್ಮಂದಿರು ಗುರುತಿಲ್ಲದವನ ಹೊಲಸನ್ನು ಎತ್ತಿದರು. ನಮ್ಮ ಸಮಾಜ ಸುಧಾರಕರು ವ್ಯಾಖ್ಯಾನ ವೇದಿಕೆಗಳಲ್ಲಿ ವರ್ಷಗಟ್ಟಲೆ ಗಂಟಲು ಒಣಗಿಸಿಕೊಂಡು ಮಾಡಲಾರದುದನ್ನು ಈ ಪರಕೀಯನು ಒಂದು ಚೆಂಡು, ಎರಡು ಹುಟ್ಟುಗಳಿಂದ ಮಾಡಿದನೆಂಬುದನ್ನು ಒಪ್ಪಿಕೊಳ್ಳಲು ನಮಗೆ ಯಾವ ಸಂಕೋಚವೂ ಇಲ್ಲ. ಆತನು 1947ರಲ್ಲಿ ಕಾಶ್ಮೀರವನ್ನು ಬಿಟ್ಟು, 1949ರಲ್ಲಿ ಆಫ್ರಿಕಾದ ರೊಡೇಶಿಯಾದಲ್ಲಿ ತೀರಿಕೊಂಡನು. ಶಾಲೆಯು ಈಗಲೂ ಆತನ ಹೆಸರಿನಿಂದ ನಡೆದಿದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ನ್ಯಾಯವಾಗದು. ಈ ಕಥೆಗಳೆಲ್ಲ ನಮಗೆ ಬಂದುದು ಬಹುಮಟ್ಟಿಗೆ ಬಿಸ್ಕೋವಿನ ಲೇಖನಿಯಿಂದಲೇ. 1922ರಲ್ಲಿ ಪ್ರಕಟವಾದ ಕಾಶ್ಮೀರದ ಬಿಸಿಲು ನೆರಳುಗಳನ್ನು ಕುರಿತ ಆತನ ಪುಸ್ತಕವನ್ನು ಇಂಗ್ಲೆಂಡಿನ ವಾಚಕರು ಮಿಶನ್ನಿಗೆ ಹಣ ಕೊಡುವವರ ಕುತೂಹಲದಿಂದ ಓದಿದರು. ಅದರಲ್ಲಿ ಮೊದಲ ದಿನದ ಹುಡುಗರು ಮೈಯಲ್ಲಿ ಗಟ್ಟಿಯಿಲ್ಲದ ಬಟ್ಟೆಯ ಗಂಟುಗಳು. ಪಾದ್ರಿಯ ಕೈ ಸೋಕಿದ ಮೇಲೆ ಮನುಷ್ಯರು. ಮುಖಕ್ಕೆ ಚೆಂಡು ಬಡಿದ ಆ ಹುಡುಗನು ಮನೆಗೆ ಹೋಗಿ ತಾಯಿಗೆ ಏನು ಹೇಳಿದನು? ಅವನ ಕಡೆಯ ಕಥೆಯನ್ನು ಯಾರೂ ಬರೆದುಕೊಳ್ಳಲಿಲ್ಲ. ಮತ್ತು ಕಾಶ್ಮೀರದ ಮಕ್ಕಳಿಗೆ ಆಟವೇ ಗೊತ್ತಿರಲಿಲ್ಲವೆಂದು ನಂಬುವುದು ಹೇಗೆ? ಹಿಮ ಬಿದ್ದ ದಿನ ಹಿಮದ ಉಂಡೆಗಳ ಕಾಳಗ ಅಲ್ಲಿಯ ಓಣಿಗಳ ಹಳೆಯ ಸಂಪ್ರದಾಯ. ಇಬ್ಬಿಬ್ಬರು ಹೆಣ್ಣುಮಕ್ಕಳು ಕೈಗೆ ಕೈ ಹೆಣೆದು ಗರಗರನೆ ತಿರುಗುವ ಹಿಕಟ್ ಎಂಬ ಆಟವು ನಮ್ಮ ಉತ್ತರ ಕರ್ನಾಟಕದ ಫುಗಡಿಯ ಅಕ್ಕತಂಗಿಯೇ ಸರಿ. ಪಾದ್ರಿಯ ಕಣ್ಣಿಗೆ ಅವು ಆಟವಾಗಿ ಕಾಣಲಿಲ್ಲ. ಏಕೆಂದರೆ ಅವುಗಳಿಗೆ ಸೀಟಿಯಿಲ್ಲ, ಪಕ್ಷನಾಯಕನಿಲ್ಲ, ಅಂಕವಿಲ್ಲ. ಅವುಗಳಿಂದ ನಡತೆಯು ತಿದ್ದುಪಡಿಯಾಗುವ ಭರವಸೆಯೂ ಇಲ್ಲ.

ಇಲ್ಲಿಯೇ ನಮ್ಮ ಮುಖ್ಯವಾದ ಮಾತು ಇದೆ. ಹಾಲೆಯ ಫ್ರಾಂಕೆಯು ಆಟವನ್ನು ನಿಷೇಧಿಸಿದನು, ಶ್ರೀನಗರದ ಬಿಸ್ಕೋ ಆಟವನ್ನು ಕಡ್ಡಾಯಮಾಡಿದನು. ನೋಡುವುದಕ್ಕೆ ಇಬ್ಬರೂ ಎದುರುಬದುರು. ಆದರೆ ಇಬ್ಬರ ವೇಳಾಪಟ್ಟಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿಯು ಕಣ್ಣಿಗೆ ಹೊಡೆಯುತ್ತದೆ. ಎರಡರಲ್ಲಿಯೂ ಹುಡುಗನದೇ ಆದ ಒಂದು ಗಳಿಗೆಯಿಲ್ಲ. ಮೊದಲನೆಯವನು ಬಿಡುವನ್ನು ಕೆಲಸದಿಂದ ತುಂಬಿದನು, ಎರಡನೆಯವನು ಕ್ರೀಡೆಯಿಂದ ತುಂಬಿದನು. ನಮ್ಮ ಭಾಷೆಯಲ್ಲಿ ಕ್ರೀಡೆ, ಆಟ ಎಂಬ ಎರಡು ಮಾತುಗಳು ಶಾಸ್ತ್ರದ ಪ್ರಕಾರ ಒಂದೇ ಅರ್ಥದವು. ರೂಢಿಯಲ್ಲಿ ಹಾಗಿಲ್ಲ. ಕ್ರೀಡೆಗೆ ಸಮಿತಿಯುಂಟು, ಅಧ್ಯಕ್ಷರುಂಟು, ಪಾರಿತೋಷಕವುಂಟು. ಆಟಕ್ಕೆ ಮರದ ನೆರಳು, ನಾಲ್ಕು ಹರಳು, ಇಬ್ಬರು ಗೆಳೆಯರು ಸಾಕು. ಬೇಸರವಾದರೆ ನಿಲ್ಲಿಸಬಹುದು, ಜಗಳವಾದರೆ ನಿಯಮವನ್ನೇ ಬದಲಿಸಬಹುದು. ಮರಕೋತಿಯನ್ನು ಯಾವ ಮಾಸ್ತರನೂ ನಮಗೆ ಕಲಿಸಲಿಲ್ಲ. ನಮ್ಮ ಪಾಠಶಾಲೆಯ ಗುರುಗಳು ಮಧ್ಯಾಹ್ನ ಒರಗಿಕೊಂಡು ಒಂದು ಜೊಂಪು ನಿದ್ದೆ ತೆಗೆಯುತ್ತಿದ್ದರು. ಲಗೋರಿಯ ಶಾಸ್ತ್ರವನ್ನೆಲ್ಲ ನಾವು ಸಂಪಾದಿಸಿದ್ದು ಆ ಜೊಂಪಿನ ಕಾಲದಲ್ಲಿಯೇ!

ಕೊಟ್ಟವನ ಉದ್ದೇಶವೇನೇ ಇದ್ದರೂ ತೆಗೆದುಕೊಂಡವರು ಅದನ್ನು ತಮ್ಮದನ್ನಾಗಿ ಮಾಡಿಕೊಂಡ ಉದಾಹರಣೆಗಳು ಇಲ್ಲದಿಲ್ಲ. ಸ್ವಾಮಿ ವಿವೇಕಾನಂದರು 1897ರಲ್ಲಿ ಮದರಾಸಿನ ತರುಣರಿಗೆ ಗೀತಾಪಠಣಕ್ಕಿಂತ ಕಾಲ್ಚೆಂಡಾಟವು ಅವರನ್ನು ಸ್ವರ್ಗಕ್ಕೆ ಹತ್ತಿರವೊಯ್ಯುವುದೆಂದು ಹೇಳಿ ಪಂಡಿತರನ್ನು ಬೆಚ್ಚಿಬೀಳಿಸಿದ್ದು ಎಲ್ಲರಿಗೂ ತಿಳಿದುದೇ. 1911ರ ಜುಲೈ 29ರಂದು ಕಲಕತ್ತೆಯಲ್ಲಿ ಮೋಹನ ಬಗಾನ್ ತಂಡದವರು ಈಸ್ಟ್ ಯಾರ್ಕ್‌ಶೈರ್ ದಂಡಿನ ಸಿಪಾಯಿಗಳನ್ನು ಒಂದಕ್ಕೆ ಎರಡು ಗೋಲುಗಳಿಂದ ಸೋಲಿಸಿದಾಗ ಅವರಲ್ಲಿ ಹತ್ತು ಮಂದಿ ಬರಿಗಾಲಿನಲ್ಲಿದ್ದರು. ಬೂಟು ತೊಟ್ಟ ಹನ್ನೊಂದನೆಯವನು ಸುಧೀರ ಚಟರ್ಜಿ ಎಂಬ ಕ್ರೈಸ್ತ ತರುಣ. ಆಳುವವರು ಹೇಳಿಕೊಟ್ಟ ಆಟದಿಂದಲೇ ಆಳುವವರ ಪ್ರತಿಷ್ಠೆಗೆ ಬಿದ್ದ ಆ ಪೆಟ್ಟಿನ ಸದ್ದು ವಂಗಭಂಗದ ನೋವಿನಲ್ಲಿದ್ದ ದೇಶದಲ್ಲೆಲ್ಲ ಕೇಳಿಬಂದಿತು.

ಇದಕ್ಕಿಂತಲೂ ವಿನೋದವಾದುದು ಶಾಂತಸಾಗರದ ತ್ರೊಬ್ರಿಯಾಂಡ್ ದ್ವೀಪಗಳ ವೃತ್ತಾಂತ. ಅಲ್ಲಿಗೆ 1903ರಲ್ಲಿ ವಿಲಿಯಂ ಗಿಲ್ಮರ್ ಎಂಬ ಮೆಥೊಡಿಸ್ಟ್ ಪಾದ್ರಿಯು ಹಳ್ಳಿಹಳ್ಳಿಗಳ ಕಾದಾಟವನ್ನು ಬಿಡಿಸುವುದಕ್ಕೆಂದು ಕ್ರಿಕೆಟ್ ಆಟವನ್ನು ತಂದನು. ದ್ವೀಪದವರು ಕೆಲವು ಕಾಲ ಆತನು ಹೇಳಿದಂತೆ ಆಡಿದರು. ಆಮೇಲೆ ತಮಗೆ ಬೇಕಾದಂತೆ. ಈಟಿ ಎಸೆಯುವ ಭಂಗಿಯಲ್ಲಿ ಚೆಂಡನ್ನು ಎಸೆಯತೊಡಗಿದರು. ಹನ್ನೊಂದು ಮಂದಿಯೆಂಬ ಲೆಕ್ಕವನ್ನು ಬಿಟ್ಟು, ಬಂದವರಿಗೆಲ್ಲ ಆಡಲು ಎಡೆಕೊಟ್ಟರು. ಎದುರಾಳಿಯ ಒಬ್ಬನು ಔಟಾದೊಡನೆ ತಂಡವೆಲ್ಲ ಕೂಡಿ ಕುಣಿದು ಹಾಡುವುದು ಒಂದು ವಿಧಿಯಾಯಿತು. ಕೊನೆಯಲ್ಲಿ ಗೆಲ್ಲತಕ್ಕವರು ಊಟಕ್ಕೆ ಕರೆದ ಹಳ್ಳಿಯವರೇ! 1970ರ ದಶಕದಲ್ಲಿ ತೆಗೆದ ಚಲಚ್ಚಿತ್ರದಿಂದ ಇದು ಜಗತ್ತಿಗೆ ತಿಳಿಯಿತು. ಸ್ವರಾಜ್ಯದ ಅರ್ಥವನ್ನು ಈ ದ್ವೀಪವಾಸಿಗಳು ನಮಗಿಂತ ಮೊದಲೇ ಕ್ರಿಕೆಟ್ಟಿನಲ್ಲಿ ಸಾಧಿಸಿದರೆಂದು ನಮಗೆ ಅನಿಸುತ್ತದೆ.

ಆದರೆ ಬಯಲು ಅವರದು, ಸಂಜೆ ಅವರದು, ಮನೆಗೆ ಮರಳುವ ದಾರಿ ಅವರದು ಆಗಿದ್ದುದರಿಂದ ಅದು ಸಾಧ್ಯವಾಯಿತು. ಶ್ರೀನಗರದ ಹುಡುಗನೂ ಎಷ್ಟೇ ಅತ್ತರೂ ರಾತ್ರಿಗೆ ತಾಯಿಯ ಬಳಿಗೆ ಹೋಗುತ್ತಿದ್ದನು. ಆ ದಾರಿಯೇ ಇಲ್ಲದೆಡೆ ಮಿಶನ್ ಶಾಲೆಯ ಆಟವು ಏನಾಯಿತೆಂಬುದನ್ನು ಕೆನಡಾ ದೇಶದ ಇತಿಹಾಸವು ಹೇಳುತ್ತದೆ. ಅಲ್ಲಿಯ ಮೂಲನಿವಾಸಿಗಳ ಮಕ್ಕಳನ್ನು ತಂದೆತಾಯಿಗಳಿಂದ ಅಗಲಿಸಿ, ಸರಕಾರದ ಹಣದಿಂದ ಕ್ರೈಸ್ತ ಸಂಘಗಳು ನಡೆಸುತ್ತಿದ್ದ ವಸತಿಶಾಲೆಗಳಿಗೆ ಸೇರಿಸುವ ಪದ್ಧತಿಯು ಒಂದು ಶತಮಾನಕ್ಕೂ ಹೆಚ್ಚು ಕಾಲ ನಡೆಯಿತು. ಸುಮಾರು 1,50,000 ಮಕ್ಕಳು ಈ ಶಾಲೆಗಳಲ್ಲಿ ಹಾದುಹೋದರು. ಸಾವಿರಾರು ಮಂದಿ ಅಲ್ಲಿಯೇ ಸತ್ತರು. ತಾಯ್ನುಡಿಯನ್ನಾಡಿದರೆ ಶಿಕ್ಷೆ. ಬಹುಕಾಲ ಅರ್ಧ ದಿನ ಪಾಠ, ಅರ್ಧ ದಿನ ಹೊಲ, ದನದ ಕೊಟ್ಟಿಗೆ, ಅಡಿಗೆಮನೆ, ಒಗೆತ. 2008ರಲ್ಲಿ ಆ ದೇಶದ ಪ್ರಧಾನಿಯು ಪಾರ್ಲಿಮೆಂಟಿನಲ್ಲಿ ಕ್ಷಮೆಯನ್ನು ಬೇಡಿದನು. ಸತ್ಯ ಮತ್ತು ಸಂಧಾನ ಆಯೋಗವು ಬದುಕುಳಿದವರ ಸಾವಿರಾರು ಸಾಕ್ಷ್ಯಗಳನ್ನು ಕೇಳಿ 2015ರಲ್ಲಿ ವರದಿಯನ್ನು ಒಪ್ಪಿಸಿತು. ಆ ಸಾಕ್ಷ್ಯಗಳಲ್ಲಿ ಒಂದು ವಿಚಿತ್ರವಾದ ಮಾತು ಅಲ್ಲಲ್ಲಿ ಕೇಳಿಬರುತ್ತದೆ: ಆಟವೊಂದಿಲ್ಲದಿದ್ದರೆ ತಾವು ಉಳಿಯುತ್ತಿರಲಿಲ್ಲವೆಂಬುದು.

ಫ್ರೆಡ್ ಸಾಸಕಮೂಸ್ ಎಂಬ ಕ್ರೀ ಜನಾಂಗದವನ ಜೀವನವನ್ನು ನೋಡಿರಿ. 1933ರಲ್ಲಿ ಸಸ್ಕಾಚೆವಾನ್ ಪ್ರಾಂತದಲ್ಲಿ ಹುಟ್ಟಿದವನು. ಹೆಪ್ಪುಗಟ್ಟಿದ ಕೆರೆಯ ಮೇಲೆ ಈತನನ್ನು ಮೊದಲು ಜಾರಲು ಬಿಟ್ಟವನು ಕಿವಿ ಕೇಳದ, ಮಾತು ಬಾರದ ಅಜ್ಜ. ಮೊಮ್ಮಗನ ಪಾದರಕ್ಷೆಗಳಿಗೆ ಜಾರುಪಟ್ಟಿಗಳನ್ನು ಕಟ್ಟಿ, ವಿಲೋ ಗಿಡದ ಕೊಂಬೆಯನ್ನು ಕೆತ್ತಿ ಆಟದ ಕೋಲನ್ನು ಮಾಡಿಕೊಟ್ಟು, ದಂಡೆಯಲ್ಲಿ ಕುಳಿತು ನೋಡುತ್ತಿದ್ದನು. ಆರೇಳು ವರ್ಷದ ಆ ಬಾಲಕನನ್ನು ಡಕ್ ಲೇಕ್ ಊರಿನ ಕ್ಯಾಥೊಲಿಕ್ ವಸತಿಶಾಲೆಗೆ ಒಯ್ದರು. ಅಲ್ಲಿ ಹೊಡೆತವಿದ್ದಿತು, ಅದಕ್ಕಿಂತ ಹೀನವಾದ ಅತ್ಯಾಚಾರವಿದ್ದಿತು, ಪಾದ್ರಿಯೊಬ್ಬನು ಕಟ್ಟುನಿಟ್ಟಾಗಿ ಕಲಿಸುತ್ತಿದ್ದ ಹಿಮದ ಹಾಕಿಯೂ ಇದ್ದಿತು. ಶಾಲೆಯ ತಂಡವು ಪಂದ್ಯಗಳಲ್ಲಿ ಗೆದ್ದಿತು. 1953-54ರಲ್ಲಿ ಸಾಸಕಮೂಸ್ ಶಿಕಾಗೋ ತಂಡದ ಪರವಾಗಿ ಆ ಖಂಡದ ಅತ್ಯುನ್ನತ ಹಾಕಿ ಮಂಡಲಿಯಲ್ಲಿ 11 ಪಂದ್ಯಗಳನ್ನು ಆಡಿ, ಅಲ್ಲಿಗೇರಿದ ಮೊದಲಿಗರಲ್ಲಿ ಒಬ್ಬ ಮೂಲನಿವಾಸಿಯೆಂದು ಹೆಸರಾದನು. ಮುಂದಿನ ಆಯುಷ್ಯವನ್ನೆಲ್ಲ ತನ್ನ ಜನರ ಮಕ್ಕಳಿಗೆ ಆಟವನ್ನು ಕಲಿಸುವುದರಲ್ಲಿ ಕಳೆದನು. ಆಯೋಗದ ಮುಂದೆ ಸಾಕ್ಷ್ಯವನ್ನೂ ಹೇಳಿದನು. 2020ರ ನವೆಂಬರಿನಲ್ಲಿ ತೀರಿಕೊಂಡನು. ಆತ್ಮಕಥೆಯು ಮರುವರ್ಷ ಹೊರಬಿದ್ದಿತು. ಶಾಲೆಯು ತಾನೇ ಈತನನ್ನು ಆಟಗಾರನನ್ನಾಗಿ ಮಾಡಿತೆಂದು ವಾದಿಸುವವರು ಆ ಕೆರೆಯ ದಂಡೆಯ ಮೂಕ ಅಜ್ಜನನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಕಡ್ಡಾಯದ ಆಟವು ಪಾದ್ರಿಗಳ ಸೊತ್ತು ಮಾತ್ರವಲ್ಲ. ಮಹಾತ್ಮರು ರಾಜಕೋಟೆಯ ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ಹೆಡ್ಮಾಸ್ತರರಾದ ದೊರಾಬ್ಜಿ ಗಿಮಿಯವರು ಮೇಲಿನ ತರಗತಿಗಳಿಗೆ ವ್ಯಾಯಾಮವನ್ನೂ ಕ್ರಿಕೆಟ್ಟನ್ನೂ ಕಡ್ಡಾಯ ಮಾಡಿದರು. ಅದು ಮಿಶನ್ ಶಾಲೆಯಲ್ಲ, ಹೆಡ್ಮಾಸ್ತರರು ಆಂಗ್ಲರೂ ಅಲ್ಲ. ಬಾಲಕ ಮೋಹನದಾಸನ ಮನಸ್ಸು ಕಾಯಿಲೆಯ ತಂದೆಯ ಸೇವೆಯಲ್ಲಿದ್ದಿತು. ಒಂದು ಶನಿವಾರ ಮೋಡ ಕವಿದು, ಗಡಿಯಾರವಿಲ್ಲದ ಹುಡುಗನಿಗೆ ಹೊತ್ತು ತಿಳಿಯದೆ, ಹೋಗುವಷ್ಟರಲ್ಲಿ ಕವಾಯತು ಮುಗಿದುಹೋಗಿದ್ದಿತು. ನಿಜವನ್ನು ಹೇಳಿದರೂ ನಂಬದೆ ದಂಡವನ್ನು ಹಾಕಿದರು. ದಂಡಕ್ಕಿಂತ, ತನ್ನನ್ನು ಸುಳ್ಳನೆಂದು ತಿಳಿದರಲ್ಲಾ ಎಂಬ ದುಃಖಕ್ಕೆ ಆ ಹುಡುಗನು ಅತ್ತನು. ವ್ಯಾಯಾಮದ ಬಗೆಗಿನ ಆಗಿನ ತಮ್ಮ ತಿರಸ್ಕಾರವು ಸರಿಯಾದುದಲ್ಲವೆಂದು ಗಾಂಧಿಯವರೇ ಮುಂದೆ ಬರೆದಿದ್ದಾರೆ. ಆದ್ದರಿಂದ ವ್ಯಾಯಾಮದ ವಿರುದ್ಧ ಅವರನ್ನು ಸಾಕ್ಷಿಗೆ ಕರೆಯುವುದು ನಮ್ಮ ಉದ್ದೇಶವಲ್ಲ. ಆ ಶನಿವಾರದ ಸಂಜೆ ಯಾರದಾಗಿದ್ದಿತೆಂಬುದಷ್ಟೇ ನಮ್ಮ ಪ್ರಶ್ನೆ.

ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಶಾಲೆಗಳು ಪಾದ್ರಿಗಳಿಂದ ಸೀಟಿಯನ್ನು ಪಡೆದುಕೊಂಡುವು, ಬಯಲನ್ನು ಪಡೆಯಲಿಲ್ಲ. ಮಕ್ಕಳ ಹಕ್ಕುಗಳ ಕುರಿತು 1989ರಲ್ಲಿ ವಿಶ್ವಸಂಸ್ಥೆಯು ಮಾಡಿದ ಒಡಂಬಡಿಕೆಯ 31ನೆಯ ಕಲಮಿನಲ್ಲಿ ವಿಶ್ರಾಂತಿ, ಬಿಡುವು, ಆಟ ಇವು ಮಗುವಿನ ಹಕ್ಕುಗಳೆಂದು ಸ್ಪಷ್ಟವಾಗಿ ಬರೆದಿದೆ. ನಮ್ಮ ಸರಕಾರವು 1992ರಲ್ಲಿ ಅದನ್ನು ಅಂಗೀಕರಿಸಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಅನುಸೂಚಿಯಲ್ಲಿ ಶಾಲೆಗೆ ಆಟದ ಬಯಲು ಇರತಕ್ಕದ್ದೆಂದಿದೆ. ಬಾಡಿಗೆಯ ಮಹಡಿಗಳಲ್ಲಿ ನಡೆಯುವ ಪಟ್ಟಣದ ಶಾಲೆಗಳಲ್ಲಿ ಆ ಬಯಲು ಕಾಗದದ ಮೇಲೆ ಮಾತ್ರ ಹಸುರಾಗಿದೆ. ಬಯಲಿದ್ದ ಕಡೆಯೂ ಅಲ್ಲಿ ನಿಲ್ಲುವುದು ವಾಹನ. ಮನೆಗೆ ಬಂದ ಮಗುವನ್ನು ಖಾಸಗಿ ಪಾಠವು ಬಾಗಿಲಲ್ಲಿ ಕಾದಿರುತ್ತದೆ. ಅದನ್ನೂ ಗೆದ್ದು ಉಳಿದ ಹೊತ್ತನ್ನು ಅಂಗೈಯಗಲದ ಯಂತ್ರವು ನುಂಗುತ್ತದೆ. ಆ ಯಂತ್ರದೊಳಗಿನ ಆಟಗಳೂ ಯಾರೋ ಮೇಜಿನ ಮೇಲೆ ಬರೆದ ನಿಯಮಗಳಿಂದಲೇ ನಡೆಯತಕ್ಕವು.

ಕ್ರೀಡಾ ಶಿಕ್ಷಕರನ್ನು ನೇಮಿಸಿರಿ, ಬಯಲುಗಳನ್ನು ಒತ್ತುವರಿಯಿಂದ ಬಿಡಿಸಿರಿ ಎಂದು ಈ ಅಂಕಣಗಳಲ್ಲಿ ಹಿಂದೆಯೂ ಬರೆದಿದ್ದೇವೆ, ಮುಂದೆಯೂ ಬರೆಯುವೆವು. ಈ ಹೊತ್ತು ವಿದ್ಯಾಖಾತೆಯವರಲ್ಲಿ ನಮ್ಮ ಬೇಡಿಕೆಯು ಅದಕ್ಕಿಂತ ಚಿಕ್ಕದು, ಹಣದ ಖರ್ಚೂ ಇಲ್ಲದ್ದು. ದಿನಕ್ಕೆ ಅರ್ಧ ತಾಸು ಸೀಟಿಯಿಲ್ಲದ, ಅಂಕವಿಲ್ಲದ, ಮಾಸ್ತರರು ದೂರದಲ್ಲಿ ಕುಳಿತು ಯಾರೂ ಬಿದ್ದು ಗಾಯಮಾಡಿಕೊಳ್ಳದಂತೆ ನೋಡುವುದಷ್ಟೇ ಕರ್ತವ್ಯವಾಗಿರುವ ಬಿಡುವನ್ನು ವೇಳಾಪಟ್ಟಿಯಲ್ಲಿ ಬರೆಯಲಿ. ಪಾಲಕರಾದರೂ ತಮ್ಮ ಮಕ್ಕಳ ವೇಳಾಪಟ್ಟಿಯನ್ನು ಒಮ್ಮೆ ತೆಗೆದು ನೋಡಲಿ. ಆಟದ ಅವಧಿಯೆಂದು ಈಗ ಬರೆದಿರುವ ಕಡೆ, ಪರೀಕ್ಷೆಯು ಹತ್ತಿರವಾದಾಗ ಗಣಿತದ ಪುಸ್ತಕವನ್ನು ಹಿಡಿದು ಯಾರು ಬಂದು ನಿಲ್ಲುತ್ತಾರೆಂಬುದನ್ನು ಮಕ್ಕಳನ್ನೇ ಕೇಳಲಿ.